ಬೀಗ್ತಿಯ ನಂಬಿಕೆ ನನ್ನ ಬಾಯಲ್ಲಿ

ಜಹೀರಾಬಾದ್

ಅಂಟನ್ನು ತುಪ್ಪದಲ್ಲಿ ಹುರಿಯುತ್ತಿದ್ದೆ. ಬಾಣಂತಿಯ ಉಂಡೆಗೆ ಅಂಟು ಹುರಿಯುವಾಗ ಕಣ್ಣು ಆಚೀಚೆ ಹೋಗಬಾರದು. ಅರಳಿತು ಅನ್ನುವಷ್ಟರಲ್ಲಿ ಕಪ್ಪಾಗಿಬಿಡುತ್ತದೆ. ಮಗಳು ಕರುಣಾಳ ಹೆರಿಗೆಗೆ ಇನ್ನೂ ದಿನವಿತ್ತು, ಆದರೆ ನನಗೆ ಎಲ್ಲವೂ ಮುಂಚೆಯೇ ಆಗಿರಬೇಕು. ಅವಳು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಗಂಡ ಐಸಾಕನಿಗೂ ಅಲ್ಲೇ ಕೆಲಸ. ಮುಂದಿನ ತಿಂಗಳು ನಾನು ಬಾಣಂತನಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು.

ಫೋನು ಬಂತು. ಐಸಾಕ.

"ಅತ್ತಿ, ಹೆರಿಗಿ ಆತ್ರಿ. ಹೆಣ್ಣು ಕೂಸು."

ನಾನು ಸ್ತೋತ್ರ ಅನ್ನುವ ಮೊದಲೇ ಅವನ ದನಿ ಒಡೆಯಿತು. "ಭಾಳ ಸಣ್ಣದದ. ಎದಿಯಾಗ ತೂತದ ಅಂತಾರ. ಸ್ವಲ್ಪ ತೂಕ ಬಂದ ಮ್ಯಾಲ ಆಪರೇಶನ್ ಮಾಡ್ತಾರಂತ. ಕರುಣಾ ಆರಾಮ್ ಇದ್ದಾಳ್ರಿ."

ನನ್ನ ಬಾಯಿಂದ ಮೊದಲು ಬಂದ ಮಾತು, "ನೀರು ಹಾಕ್ಸಿದ್ರೇನಪಾ?"

ಒಲೆಯ ಮೇಲೆ ಅಂಟು ಕರಕಾಗಿ ಹೊಗೆ ಎದ್ದಿತ್ತು.

ಈ ಪ್ರಶ್ನೆ ಏನೆಂದು ಹೇಳಬೇಕು. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹುಟ್ಟಿದ ಕೂಸಿನ ತಲೆಯ ಮೇಲೆ ನೀರು ಚಿಮುಕಿಸಿ, ಹೆಸರಿಟ್ಟು ದೀಕ್ಷಾಸ್ನಾನ ಕೊಡುತ್ತೇವೆ. ಅಳಿಯನ ಮನೆಯವರು ತಾಂಡೂರಿನವರು, ಬೇರೆ ಸಭೆ. ಅವರಲ್ಲಿ ಮನುಷ್ಯ ದೊಡ್ಡವನಾಗಿ, ತಾನೇ ಬಾಯಿಬಿಟ್ಟು "ನಂಬಿದ್ದೇನೆ" ಅಂದ ಮೇಲೆ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಕೂಸಿಗೆ ನೀರು ಹಾಕುವುದು ಅವರ ಪಾಲಿಗೆ ಅರ್ಥವಿಲ್ಲದ್ದು. ಮದುವೆ ಮಾತುಕತೆಯಲ್ಲಿ ಸೀರೆ, ಊಟ, ಬ್ಯಾಂಡು ಎಲ್ಲದರ ಬಗ್ಗೆ ಜಗಳವಾಡಿದ ಹಿರಿಯರು, ಈ ಒಂದು ಮಾತು ಬಂದಾಗ ಮಾತ್ರ "ಕೂಸು ಹುಟ್ಲಿ, ಆಗ ನೋಡೋಣು" ಎಂದು ಚಹಾ ಕುಡಿದು ಎದ್ದಿದ್ದರು.

ಈಗ ಕೂಸು ಹುಟ್ಟಿತ್ತು.

ನನ್ನ ಹೆದರಿಕೆಗೆ ಬೇರು ನಾರಾಯಣಖೇಡದಲ್ಲಿದೆ. ಅಲ್ಲಿ ನನ್ನಪ್ಪ ಹಳ್ಳಿಹಳ್ಳಿ ತಿರುಗಿ ಸುವಾರ್ತೆ ಹೇಳುತ್ತಿದ್ದರು. ನಾನು ಹುಟ್ಟಿದಾಗ ಅಳಲಿಲ್ಲವಂತೆ, ಮೈ ನೀಲಿಯಾಗಿತ್ತಂತೆ. ಅಪ್ಪ ಕುಡಿಯುವ ಚೊಂಬಿನ ನೀರನ್ನೇ ತೆಗೆದು ತಲೆಗೆ ಹಾಕಿ ಸುಶೀಲಾ ಎಂದು ಕರೆದರಂತೆ. ನೀರು ಬಿದ್ದ ಕೂಡಲೇ ಅತ್ತೆನಂತೆ. ಅವ್ವ ಸಾಯುವವರೆಗೂ ಇದನ್ನು ಹೇಳುತ್ತಿದ್ದಳು. ಹೀಗಾಗಿ ನೀರು ಬೀಳದ ಕೂಸು ಅಂದರೆ ನನಗೆ ಬಾಗಿಲು ಹಾಕದೆ ಬಿಟ್ಟ ಮನೆಯ ಹಾಗೆ. ಯಾವ ಹೊತ್ತಿಗೆ ಏನು ಒಳಗೆ ಬರುತ್ತದೋ.

ಪಾಸ್‌ಪೋರ್ಟ್ ಮೊದಲೇ ಮಾಡಿಸಿದ್ದೆವು, ಅದೊಂದು ಕೃಪೆ. ತಾಂಡೂರಿನ ಬೀಗ್ತಿ ದೀನಮ್ಮನದೂ ತಯಾರಿತ್ತು, ಅದು ಕೃಪೆಯೋ ಅಲ್ಲವೋ ಆಗ ಹೇಳಲಾರೆ. ಐಸಾಕ ಇಬ್ಬರಿಗೂ ಒಂದೇ ವಿಮಾನದಲ್ಲಿ ಟಿಕೆಟ್ ಮಾಡಿಸಿದ.

ಶಂಷಾಬಾದಿನ ಬಾಗಿಲಲ್ಲಿ

ವಿಮಾನ ನಿಲ್ದಾಣದ ಹೊರಗೆ ನಮ್ಮವರು ಸಾಮಾನು ಇಳಿಸುತ್ತಿದ್ದಾಗ ಐಸಾಕನ ಫೋನು.

"ಅತ್ತಿ, ಉಂಡ್ಯಾಗ ಗಸಗಸಿ ಹಾಕಿಲ್ಲ ಹೌದಲ್ರಿ?"

"ಹಾಕೀನಪಾ. ಗಸಗಸಿ ಇಲ್ದ ಅಂಟಿನುಂಡಿ ಎಲ್ಲರ ಅದ?"

"ಅಯ್ಯೋ, ಇಲ್ಲಿ ಗಸಗಸಿ ತಂದ್ರ ಹಿಡೀತಾರ್ರಿ! ಅಫೀಮಿನ ಬೀಜ ಅಂತಾರ. ತೆಗೀರಿ, ಎಲ್ಲಾ ತೆಗೀರಿ!"

ಎರಡನೇ ಸಲ ಕೂತು, ಅಳುತ್ತಾ ಕಟ್ಟಿದ ಉಂಡೆಗಳು. ಡಬ್ಬಿಯನ್ನು ನಮ್ಮವರ ಕೈಗೆ ಕೊಟ್ಟೆ. ಆಮೇಲೂ ಚೀಲದ ಮೂಲೆಯಲ್ಲಿ ಒಂದೆರಡು ಕಾಳು ಉದುರಿರಬಹುದೇ ಎಂದು ಅಲ್ಲೇ ನೆಲದ ಮೇಲೆ ಕೂತು ಸೀರೆಗಳನ್ನೆಲ್ಲ ಕೊಡವಿದೆ. ಬಾಣಂತಿ ಮಗಳನ್ನು ನೋಡಲು ಹೋಗಿ ಜೈಲು ಸೇರಿದವಳೆಂದು ಪಕ್ಕದೂರು ಕೊಹೀರಿನ ತನಕ ಹೆಸರಾಗುತ್ತದೆ ಅನ್ನಿಸಿತು.

ದೀನಮ್ಮ ತನ್ನ ಚೀಲದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಅದರಲ್ಲಿ ತಾಂಡೂರಿನ ತೊಗರಿಬೇಳೆ, ಬೈಬಲು, ಎರಡು ಬಿಳಿ ಸೀರೆ. ಅವರ ಸಭೆಯ ಹೆಂಗಸರು ಒಡವೆ ತೊಡುವುದಿಲ್ಲ. ತಪಾಸಣೆಯ ಚೌಕಟ್ಟಿನಲ್ಲಿ ನಾನು ದಾಟುವಾಗ ನನ್ನ ತಾಳಿಗೂ ಬಳೆಗೂ ಅದು ಕುಂಯ್ ಎಂದು ಕೂಗಿತು. ಬದಿಗೆ ನಿಲ್ಲಿಸಿ ಮೈಯೆಲ್ಲ ತಡವಿದರು. ದೀನಮ್ಮ ಸದ್ದಿಲ್ಲದೆ ದಾಟಿದಳು.

"ನೋಡ್ದ್ಯಾ ಸುಶೀಲಕ್ಕಾ, ಪರಲೋಕದ ಬಾಗಲಾಗೂ ಹಿಂಗೇ ಆಗ್ತದ," ಅಂದಳು.

"ಅಲ್ಲಿ ತಡವಿ ನೋಡಿ ಒಳಗಾದ್ರೂ ಬಿಡ್ತಾರ ಬಿಡ್ರಿ ಅಕ್ಕೋರೆ," ಎಂದೆ.

ಅದಾದ ಮೇಲೆ ವಿಮಾನ ಏಳುವವರೆಗೂ ನಾವು ಮಾತಾಡಲಿಲ್ಲ. ಎದ್ದಾಗ ಯಾರ ಕೈ ಯಾರು ಹಿಡಿದರೋ ಗೊತ್ತಿಲ್ಲ. ಮಸ್ಕತ್ತಿನಲ್ಲಿ ಇಳಿದಾಗ ಅವಳ ಕೈಯ ಮೇಲೆ ನನ್ನ ಬಳೆಯ ಗುರುತು ಮೂಡಿತ್ತು.

ಗಾಜಿನ ಆಚೆ

ಮಸ್ಕತ್ ಬೆಟ್ಟಗಳ ನಡುವಿನ ಊರು. ಬೆಟ್ಟವೆಂದರೆ ಹುಲ್ಲುಕಡ್ಡಿಯೂ ಇಲ್ಲದ ಬರೀ ಕಲ್ಲು. ಮನೆಗಳೆಲ್ಲ ಬಿಳಿ. ಯಾರೂ ಹಾರ್ನ್ ಬಾರಿಸುವುದಿಲ್ಲ. ನಮ್ಮ ಹೆದ್ದಾರಿಯಲ್ಲಿ ಲಾರಿಯ ಕೂಗು ಕೇಳಿಸಿದರೆ ಮಾತ್ರ ಪಕ್ಕಕ್ಕೆ ಸರಿದು ಅಭ್ಯಾಸವಾದ ನನಗೆ ಆ ಮೌನವೇ ಭಯ. ರಸ್ತೆ ದಾಟಲು ನಿಂತರೆ ಕಾರುಗಳು ನಿಂತುಬಿಡುತ್ತವೆ. ಒಬ್ಬ ಅರಬ್ಬರ ಮುದುಕ ಕಾರು ನಿಲ್ಲಿಸಿ ನಮಗೆ ಹೋಗಿ ಎಂದು ಕೈ ಮಾಡಿದ. ನೀವೇ ಹೋಗಿ ಎಂದು ನಾವು ಕೈ ಮಾಡಿದೆವು. ಅವನು ಮತ್ತೆ ಮಾಡಿದ, ನಾವೂ ಮತ್ತೆ ಮಾಡಿದೆವು. ಹಿಂದೆ ಕಾರುಗಳ ಸಾಲು ಬೆಳೆಯಿತು. ಕಡೆಗೆ ಐಸಾಕ ಬಂದು ಇಬ್ಬರು ತಾಯಂದಿರನ್ನೂ ಎಮ್ಮೆ ಹೊಡೆದಂತೆ ದಾಟಿಸಿದ.

ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ನಾವು ಇನ್ನೊಂದು ಗಾಜಿನ ಈಚೆ. ನನ್ನ ಅಂಗೈಯಷ್ಟು ಎದೆ, ಅದು ಏರುವುದೂ ಇಳಿಯುವುದೂ ಇಲ್ಲಿಂದ ಕಾಣುತ್ತಿತ್ತು. ಒಮ್ಮೊಮ್ಮೆ ನಿಂತಂತೆ ಕಾಣುತ್ತಿತ್ತು. ಆಗ ನನ್ನದೂ ನಿಲ್ಲುತ್ತಿತ್ತು. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ಹೆಸರಿರಲಿಲ್ಲ, 'ಕರುಣಾಳ ಕೂಸು' ಎಂದಷ್ಟೇ ಇತ್ತು.

"ಹೆಸರಿಲ್ಲದ ಕೂಸಿಗೆ ದೇವರು ಏನಂತ ಕರೀತಾನ?" ಎಂದೆ, ನನ್ನಷ್ಟಕ್ಕೆ.

ದೀನಮ್ಮನಿಗೆ ಕೇಳಿಸಿತು. "ದೇವರಿಗೆ ಪಟ್ಟಿ ಓದೂ ಗರಜಿಲ್ಲ," ಅಂದಳು.

ಮನೆಗೆ ಬಂದ ಮೇಲೆ ಜಗಳವಾಯಿತು. ಆಪರೇಶನ್‌ಗೆ ಮುಂಚೆ ನೀರು ಬೀಳಲೇಬೇಕೆಂದು, ಅಪ್ಪನ ಚೊಂಬಿನ ನೀರಿನ ಕಥೆ ಹೇಳಿ, ನಾನು. ಅರಿಯದ ಕೂಸಿನ ಮೇಲೆ ಹೆದರಿಕೆಯಿಂದ ನೀರು ಹಾಕುವುದು ವಿಶ್ವಾಸವಲ್ಲ, ತಾಯತ ಕಟ್ಟಿದ ಹಾಗೆ ಎಂದು ಅವಳು. ತಾಯತ ಅಂದದ್ದು ನನಗೆ ಚುಚ್ಚಿತು. ಒಡವೆ ತೆಗೆದಿಟ್ಟವರಿಗೆ ಕರುಳೂ ತೆಗೆದಿಟ್ಟಂತಾಗಿದೆ ಎಂದುಬಿಟ್ಟೆ. ಹಾಲು ಹಿಂಡಿ ಆಸ್ಪತ್ರೆಗೆ ಒಯ್ಯಲು ಶೀಶೆ ತುಂಬುತ್ತಿದ್ದ ಕರುಣಾ ತಲೆಯೆತ್ತಿದಳು.

"ಅವ್ವಾ, ಸಾಕ್ ಮಾಡ್ರಿ. ನಾನೂ ಅವ್ರೂ ಇದೇ ಮಾತಿಗೆ ಕೂಸು ಹುಟ್ಟಿದ ದಿನದಿಂದ ಜಗಳಾಡ್ಲಿಕತ್ತೀವಿ. ನಮ್ಮ ಕೈಲಿ ಆಗವಲ್ದು. ನೀವಿಬ್ಬರೂ ಒಂದು ಮಾತಿಗೆ ಬರ್ರಿ. ನೀವು ಹೆಂಗಂತೀರಿ ಹಂಗ."

ಐಸಾಕ ತಲೆಯಾಡಿಸಿದ. ಹೀಗೆ ಆ ಕೂಸಿನ ಮಾತು ಇಬ್ಬರು ಹೆದರಿದ ಮುದುಕಿಯರ ಮೇಲೆ ಬಿತ್ತು.

ಶುಕ್ರವಾರದ ಆರಾಧನೆ

ಆ ದೇಶದಲ್ಲಿ ಶುಕ್ರವಾರ ರಜೆ. ಹಾಗಾಗಿ ಕ್ರೈಸ್ತರ ಭಾನುವಾರವೂ ಶುಕ್ರವಾರವೇ. ಒಂದೇ ಅಂಗಳದಲ್ಲಿ ಎಷ್ಟೋ ಸಭೆಗಳು. ಒಂದು ಕೋಣೆಯಿಂದ ತಮಿಳಿನ ಕೀರ್ತನೆ, ಇನ್ನೊಂದರಿಂದ ಗಿಟಾರು. ಒಬ್ಬರು ಮುಗಿಸಿ ಹೊರಬೀಳುವುದನ್ನೇ ಕಾದು ಇನ್ನೊಬ್ಬರು ಒಳಗೆ ಹೋಗುತ್ತಾರೆ, ನಮ್ಮ ಬಸ್ ಸ್ಟ್ಯಾಂಡಿನ ಹಾಗೆ. ನೂಕಾಟವಿಲ್ಲ, ಅಷ್ಟೇ ವ್ಯತ್ಯಾಸ.

ಕನ್ನಡದವರ ಕೋಣೆಯ ಬಾಗಿಲಲ್ಲಿ ನಾನೂ ದೀನಮ್ಮನೂ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಒಳಗೆ ಹೋದೆವು. ಮಿಕ್ಕವರೆಲ್ಲ ಬೂಟು ಹಾಕಿಕೊಂಡೇ ಕುರ್ಚಿಯ ಮೇಲೆ ಕೂತಿದ್ದರು. ಗಂಡಸರು ಹೆಂಗಸರು ಕಲೆತು ಕೂತಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಒಂದು ಮಾತಿನಲ್ಲಿ ಜಹೀರಾಬಾದೂ ತಾಂಡೂರೂ ಒಂದೇ ಸಭೆ.

ಆರಾಧನೆ ಮುಗಿಸಿ ಬಂದರೆ ಚಪ್ಪಲಿಯಿಲ್ಲ. ಗುಡಿಸುವವನು ಯಾರೋ ಬಿಸಾಕಿದ ಹಳೆಯ ಜೋಡು ಎಂದುಕೊಂಡು ಕಸದ ಜೊತೆ ಒಯ್ದಿದ್ದ. ಅಂಗಳದ ಕಲ್ಲು ಕಾದ ಹಂಚಿನಂತಿತ್ತು. ಬರಿಗಾಲಲ್ಲಿ ಎರಡು ಹೆಜ್ಜೆಯಿಟ್ಟು ಇಬ್ಬರೂ ಕುಣಿದು ಹಿಂದಕ್ಕೆ ಓಡಿದೆವು. ಪಾಸ್ಟರ್ ಅಯ್ಯನವರು ಮಂಗಳೂರಿನ ಕಡೆಯವರು. ನಗು ತಡೆದುಕೊಂಡು ಕುರ್ಚಿ ಹಾಕಿದರು.

"ಕೂತ್ಕೊಳ್ಳಿ ಅಮ್ಮ. ಚಪ್ಪಲಿ ತರ್ಲಿಕ್ಕೆ ಹೇಳಿದ್ದೇನೆ. ಐಸಾಕ್ ಎಲ್ಲ ಹೇಳಿದ್ದಾನೆ. ಹೆದರ್ಬೇಡಿ, ನಮ್ಮ ಸಭೆಯಲ್ಲಿ ಎರಡೂ ಉಂಟು. ಕೂಸಿಗೆ ದೀಕ್ಷಾಸ್ನಾನ ಕೊಡುವವರೂ ಉಂಟು, ಬರೀ ಪ್ರಾರ್ಥನೆ ಮಾಡಿ ದೇವರಿಗೆ ಒಪ್ಪಿಸಿ, ದೊಡ್ಡವರಾಗುವ ತನಕ ಕಾಯುವವರೂ ಉಂಟು."

ನನಗೆ ಸಮಾಧಾನವಾಗಲಿಲ್ಲ. ಎರಡೂ ಇರುವ ಸಭೆಯಲ್ಲಿ ಯಾವುದು ಸರಿ ಎಂದು ಯಾರನ್ನು ಕೇಳುವುದು? ಅದನ್ನೇ ಕೇಳಿದೆ.

"ನಾವೆಲ್ಲ ಒಟ್ಟಿಗೆ ನಂಬುವುದು ಉಂಟಲ್ಲ, ಈಗ ಆರಾಧನೆಯಲ್ಲಿ ಎದ್ದು ನಿಂತು ಹೇಳಿದಿರಿ. ತಂದೆಯಾದ ದೇವರು, ನಮಗಾಗಿ ಸತ್ತು ಎದ್ದ ಕ್ರಿಸ್ತ, ಪವಿತ್ರಾತ್ಮ. ಅದರಲ್ಲಿ ಇಬ್ಬರೂ ಒಂದಕ್ಷರ ಬಿಟ್ಟಿರಾ?"

"ಇಲ್ರಿ."

"ಉಳಿದದ್ದಕ್ಕೆ ನಮ್ಮಲ್ಲೊಂದು ಕ್ರಮ ಉಂಟು. ಇವರ ನಂಬಿಕೆ ಅವರು ಹೇಳ್ಬೇಕು, ಅವರದ್ದು ಇವರು. ಕೇಳಿದವರು 'ಹೌದು, ನನ್ನದು ಇದೇ' ಅನ್ನುವ ತನಕ ಹೇಳ್ಬೇಕು. ಆಮೇಲೆ ಬೇಕಾದ್ರೆ ಜಗಳ ಮಾಡಿ, ಅಡ್ಡಿಯಿಲ್ಲ."

ಇಂಥ ಕ್ರಮ ನಾನೆಲ್ಲೂ ಕಂಡಿರಲಿಲ್ಲ. ನಮ್ಮಲ್ಲಾದರೆ ಎರಡು ಮಾತು ಬಂದಲ್ಲಿ ಎರಡು ಸಭೆಯಾಗುತ್ತದೆ, ಎರಡು ಮೈಕು ಬರುತ್ತವೆ.

ನಾನೇ ಮೊದಲು ಹೇಳಿದೆ. "ದೀನಕ್ಕ ಏನಂತಾಳಂದ್ರ, ಕೂಸಿಗೆ ಬುದ್ಧಿಯಿಲ್ಲ, ಅದಕ್ಕ ನೀರು ಹಾಕಿ ಉಪಯೋಗ ಇಲ್ಲ."

"ಅಲ್ಲ," ಅಂದಳು ದೀನಮ್ಮ.

"ಅವರ ಸಭಾದಾಗ ಹಿರ್ಯಾರು ಬ್ಯಾಡ ಅಂತಾರ. ಅದಕ್ಕ ಈಕಿ…"

"ಅದೂ ಅಲ್ಲ."

"ಮತ್ತೇನಂತ ನೀನೇ ಹೇಳವಾ! ನಿನ್ನ ಹೊಟ್ಟ್ಯಾಗಿಂದು ನನಗ ಹೆಂಗ ತಿಳೀಬೇಕು?"

ಅವಳು ಬಿಳಿ ಸೆರಗಿನ ಅಂಚು ಹಿಡಿದು ಸುತ್ತತೊಡಗಿದಳು.

"ಐಸಾಕನಕಿಂತ ಮೊದಲ ಒಂದು ಹೆಣ್ಣು ಕೂಸಾಗಿತ್ತು," ಅಂದಳು. "ಒಂದು ಹಗಲು ಇತ್ತು. ನೀರಿಲ್ಲ, ಹೆಸರಿಲ್ಲ. ತೊಗರಿ ಹೊಲದ ಬದುವಿನ ಮ್ಯಾಲ ಮಣ್ಣಾಗ ಇಟ್ಟು ಬಂದ್ವಿ. ಅದು ಯೇಸಪ್ಪನ ತೊಡಿ ಮ್ಯಾಲ ಅದ ಅಂತ ಇಷ್ಟು ವರ್ಷ ನಂಬಿ ಬದುಕೀನಿ. ಈಗ ನೀ ಬಂದು, ನೀರಿಲ್ದ ಕೂಸಿಗಿ ಬಾಗಲಿಲ್ಲ ಅಂತಿ. ಹಂಗಿದ್ರ ನನ್ನ ಕೂಸು ಎಲ್ಲದ, ಸುಶೀಲಕ್ಕಾ?"

ನಾನು ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ನಾನು ಹೇಳಿದ್ದೆಲ್ಲ ಅದೇ ಆಗಿತ್ತು.

ನಾನು ಹೇಳಬೇಕಾದ ಮಾತು ಬಾಕಿಯಿತ್ತು. "ದೀನಕ್ಕ ಏನಂತಾಳಂದ್ರ," ಎಂದೆ, "ನೀರು ಬೀಳೂದಕ್ಕಿಂತ ಮೊದಲೇ ದೇವರು ಕೂಸಿನ ಎತ್ಕೊಂಡಿರ್ತಾನ. ಆತ ನಮ್ಮ ಕೈ ಕಾಯಂಗಿಲ್ಲ."

"ಹೌದು. ನಂದು ಇದೇ," ಅಂದಳು.

ಆಮೇಲೆ ಅವಳ ಸರದಿ. ಅವಳು ಒಂದೇ ಸಲಕ್ಕೆ ಹೇಳಿದಳು. "ಸುಶೀಲಕ್ಕ ನೀರನ್ನ ತಾಯತ ಅಂತ ಕೇಳವಲ್ಲಳು. ನಾ ಅಂದಿದ್ದು ತಪ್ಪು. ಆಕಿ ಸಾಯೂ ಕೂಸಿದ್ದಳು, ಅಪ್ಪ ಕೈಯೆತ್ತಿ ದೇವರ ಮುಂದ ಹೆಸರು ಹಿಡಿದು ಕೂಗ್ಯಾನ. ಕೂಸು ತಾನೇ ಕೂಗಂಗಿಲ್ಲ, ಅದರ ಪರವಾಗಿ ಮನ್ಯಾರು ಕೂಗಬೇಕು ಅಂತ ಆಕಿ ಅಂತಾಳ."

ನನ್ನ ನಂಬಿಕೆಯನ್ನು ನಾನೇ ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಹೌದು ಎಂದು ತಲೆಯಾಡಿಸಿದೆ.

"ಒಳ್ಳೆಯದು," ಅಂದರು ಪಾಸ್ಟರ್. "ನೀವು ಯಾವುದು ಹೇಳಿದರೂ ನಾನು ಆಪರೇಶನ್ ದಿನ ಬೆಳಿಗ್ಗೆ ಆಸ್ಪತ್ರೆಗೆ ಬರ್ತೇನೆ. ನೀರು ತರಬೇಕೋ ಬೇಡವೋ, ಹಿಂದಿನ ದಿನ ಹೇಳಿದರೆ ಸಾಕು."

ಅಷ್ಟರಲ್ಲಿ ಯಾರೋ ನಮ್ಮ ಚಪ್ಪಲಿ ಹುಡುಕಿ ತಂದರು. ಅದೊಂದು ಕೃಪೆ. ಆದರೆ ಒಂದು ಮಾತಿಗೆ ಬಂದಿರಾ ಎಂದು ಕಾರಿನಲ್ಲಿ ಕರುಣಾ ಕೇಳಿದಾಗ ನಾವಿಬ್ಬರೂ ಕಿಟಕಿಯಾಚೆ ನೋಡಿದೆವು.

ಹಿಂದಿನ ದಿನ

ಆಪರೇಶನ್ ನಾಳೆ ಎಂದಾಗ ಅಜ್ಜಿಯರಲ್ಲಿ ಒಬ್ಬರು ಒಳಗೆ ಬರಬಹುದೆಂದು ನರ್ಸ್ ಹೇಳಿದಳು. ನಾನು ದೀನಮ್ಮನನ್ನು ನೋಡಿದೆ.

"ನೀ ಹೋಗು," ಅಂದಳು ಅವಳು. ಗಾಜಿನ ಗೋಡೆಯ ಹತ್ತಿರ ಹೋಗಿ ಕುರ್ಚಿಯನ್ನು ಎಳೆದು ಈ ಕಡೆ ತಿರುಗಿಸಿ, ಗಾಜಿಗೆ ಬೆನ್ನು ಮಾಡಿ ಕೂತಳು. "ನಾ ಹಿಂಗ ಕೂಡ್ತೀನಿ. ನೀ ಹೊರಗ ಬರೂತನ ತಿರುಗಂಗಿಲ್ಲ. ಏನೂ ಕೇಳಂಗೂ ಇಲ್ಲ."

ಅವಳು ನನಗೆ ಏನು ಕೊಡುತ್ತಿದ್ದಾಳೆಂದು ತಿಳಿಯಿತು.

ಒಳಗೆ ಹೋಗುವ ಮುಂಚೆ ಮೊಣಕೈವರೆಗೂ ಕೈ ತೊಳೆಸಿದರು. ನರ್ಸ್ ಪೆಟ್ಟಿಗೆಯ ಕಿಂಡಿ ತೋರಿಸಿ ಪಕ್ಕದ ಕೂಸಿನ ಹತ್ತಿರ ಹೋದಳು. ನನ್ನ ಬೆರಳ ತುದಿಯಲ್ಲಿ ನೀರು ಇನ್ನೂ ಇತ್ತು. ಮೂರು ಹನಿ ಸಾಕು. ಮಾತು ನನಗೆ ಬಾಯಿಪಾಠ, ಅಪ್ಪನದೇ ಮಾತು. ಯಂತ್ರ ಪೀಂ ಪೀಂ ಎನ್ನುತ್ತಿತ್ತು. ಕೂಸಿನ ಹಣೆಯಲ್ಲಿ ನೀಲಿ ನರ ಕಾಣುತ್ತಿತ್ತು.

ತಲೆಯೆತ್ತಿದೆ. ಗಾಜಿನ ಆಚೆ ಬಿಳಿ ಸೆರಗು ಹೊದ್ದ ಬೆನ್ನು. ಅಲುಗುತ್ತಲೂ ಇರಲಿಲ್ಲ. ಈ ಹನಿ ಬಿದ್ದರೆ ನನ್ನ ಮೊಮ್ಮಗಳು ಒಳಗೆ. ಆ ಬದುವಿನ ಮೇಲಿನ ಕೂಸು ಹೊರಗೆ. ದೇವರು ಹಾಗೆ ಲೆಕ್ಕ ಹಾಕುವುದಿಲ್ಲವೆಂದು ಪಾಸ್ಟರ್ ಹೇಳಿಯಾರು. ಆದರೆ ನನ್ನ ಕೈ ಅವತ್ತು ಹಾಗೇ ಲೆಕ್ಕ ಹಾಕುತ್ತಿತ್ತು.

ಅಲ್ಲೇ ಇದ್ದ ಕಾಗದದಿಂದ ಕೈ ಒರೆಸಿಕೊಂಡೆ. ಒಣಗಿದ ಬೆರಳನ್ನು ಕಿಂಡಿಯೊಳಗೆ ಹಾಕಿದೆ. ಅವಳು ಹಿಡಿದುಕೊಂಡಳು.

ಧೈರ್ಯ ಬಂತೆಂದು ಬರೆಯಲಾರೆ. ಹೊರಗೆ ಬರುವಾಗ ಮೊದಲಿಗಿಂತ ಹೆಚ್ಚು ಹೆದರಿದ್ದೆ. ನೀರು ತರುವುದು ಬೇಡ, ಬಂದು ಪ್ರಾರ್ಥನೆ ಮಾಡಿದರೆ ಸಾಕು ಎಂದು ಪಾಸ್ಟರಿಗೆ ತಿಳಿಸಲು ಕರುಣಾಳಿಗೆ ಗುಟ್ಟಾಗಿ ಹೇಳಿದೆ. ಅವಳು ಅಲ್ಲೇ ಫೋನು ತೆಗೆದಳು. ದೀನಮ್ಮ ಕೊಟ್ಟ ಮಾತಿನಂತೆ ಏನೂ ಕೇಳಲಿಲ್ಲ. ನಾನು ನೀರು ಹಾಕಿದ್ದೇನೆಂದೇ ಅವಳು ತಿಳಿದಿದ್ದಳು.

ಕಾಯುವ ಕೋಣೆ

ಬೆಳಿಗ್ಗೆ ಪಾಸ್ಟರ್ ಬಂದು ಪ್ರಾರ್ಥಿಸಿ ಹೋದರು. ಕೂಸನ್ನು ಒಳಗೆ ಒಯ್ದರು. ಕರುಣಾ ಐಸಾಕನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಎದುರಿನ ಕುರ್ಚಿಯಲ್ಲಿ ಕಪ್ಪು ಬುರ್ಖಾದ ಹೆಂಗಸೊಬ್ಬಳು ಜಪಮಣಿ ಎಣಿಸುತ್ತಿದ್ದಳು. ಅವಳ ಕೂಸೂ ಒಳಗಿತ್ತಂತೆ. ನಮ್ಮಿಬ್ಬರಿಗೂ ಒಂದೊಂದು ಖರ್ಜೂರ ಕೊಟ್ಟಳು. ನುಂಗಲಾಗದೆ ಕೈಯಲ್ಲೇ ಹಿಡಿದು ಕೂತೆ.

ಬಾಗಿಲು ತೆರೆಯುವಾಗೆಲ್ಲ ಏಳುವುದು, ಬೇರೆ ಯಾರಿಗೋ ಎಂದು ತಿಳಿದು ಕೂಡುವುದು. ದೀನಮ್ಮನ ತುಟಿ ಅಲುಗುತ್ತಲೇ ಇತ್ತು. ತಡೆಯಲಾಗಲಿಲ್ಲ ನನಗೆ.

"ಅಕ್ಕಾ, ನಾ ನೀರು ಹಾಕ್ಲಿಲ್ಲ."

ಅವಳ ತುಟಿ ನಿಂತಿತು. "ಏನಂದಿ?"

"ಕೈ ಒರಸ್ಕೊಂಡ ಬಿಟ್ಟೆ. ನಿನ್ನ ಕೂಸು…"

"ಹುಚ್ಚಿ!" ಎಂದು ನನ್ನ ತೊಡೆಯ ಮೇಲೆ ಹೊಡೆದಳು. ಎದುರಿನ ಹೆಂಗಸು ಬೆಚ್ಚಿದಳು. "ಹಾಕಬೇಕಿತ್ತಲ್ಲ! ನಾ ಮಾರಿ ತಿರುವಿ ಕುಂತಿದ್ದು ಯಾಕಂತ ತಿಳ್ದಿ? ನಿನ್ನ ಮೆಹರ್ಬಾನಿಗಿ ಅಂತ ತಿಳ್ದ್ಯಾ? ನನಗೂ ಹೆದರಿಕಿ ಆಗಿತ್ತವಾ! ಒಂದು ಕೂಸು ಹಂಗೇ ಕಳಿಸೀನಿ, ಇನ್ನೊಂದು…" ನನ್ನ ಭುಜದ ಮೇಲೆ ತಲೆಯಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಇದನ್ನ ಶುಕ್ರವಾರ ಹೇಳಬೇಕಿತ್ತಿಲ್ಲೋ? ನಿನ್ನ ನಂಬಿಕಿ ನನ್ನ ಬಾಯಾಗ ತುರುಕಿ, ಈಗ ನನ್ನದು ನೀ ತಗೊಂಡ್ರ ಹೆಂಗವಾ?"

"ಮತ್ತ ಈಗ?" ಅಂದಳು ಅವಳು, ಸಣ್ಣ ಮಗುವಿನ ಹಾಗೆ.

"ಈಗೇನದ. ನೀನೇ ಹೌದಂದಿದ್ದಿಲ್ಲಾ, ಆತ ನಮ್ಮ ಕೈ ಕಾಯಂಗಿಲ್ಲಂತ."

ಒಬ್ಬರ ಕೈ ಒಬ್ಬರು ಹಿಡಿದು ಪ್ರಾರ್ಥನೆ ಮಾಡಿದೆವು. ಹೆಸರಿಲ್ಲದ ಎರಡು ಕೂಸುಗಳಿಗಾಗಿ, ಒಂದು ಇಲ್ಲಿಯದು, ಒಂದು ತಾಂಡೂರಿನದು. ಆಮೆನ್ ಅಂದ ಮೇಲೂ ಬಾಗಿಲು ತೆರೆಯಲಿಲ್ಲ. ಆಮೇಲೂ ತುಂಬ ಹೊತ್ತು ತೆರೆಯಲಿಲ್ಲ.

ತೆರೆದಾಗ ಡಾಕ್ಟರು ಐಸಾಕನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ. ಅವಳು ನಮ್ಮ ಕಡೆ ತಿರುಗಿದಳು.

"ಮುಚ್ಯಾರಂತ ಅವ್ವಾ. ತೂತು ಮುಚ್ಯಾರಂತ. ಇನ್ನೂ ಕೆಲವು ದಿನ ನೋಡಬೇಕಂತ. ಜೀವದಾಗ ಅದ."

ದೀನಮ್ಮ ನೆಲಕ್ಕೆ ಮೊಣಕಾಲೂರಿದಳು. ನನಗೆ ಊರಲೂ ಆಗಲಿಲ್ಲ, ಹಾಗೇ ಗೋಡೆ ಹಿಡಿದು ನಿಂತೆ. ಎದುರಿನ ಹೆಂಗಸು ಎದ್ದು ಬಂದು ನನ್ನ ಕೆನ್ನೆ ಮುಟ್ಟಿ ಮತ್ತೆ ತನ್ನ ಕುರ್ಚಿಗೆ ಹೋದಳು. ಅವಳ ಕರೆ ಇನ್ನೂ ಬಂದಿರಲಿಲ್ಲ. ಅವಳನ್ನು ಅಲ್ಲಿ ಬಿಟ್ಟು ಬರಲು ಮನಸ್ಸಾಗದೆ ದೀನಮ್ಮ ಅವಳ ಪಕ್ಕದಲ್ಲೇ ಕೂತಳು.

ಮುಂದೇನು ಎಂದು ಊರಲ್ಲಿ ಕೇಳುತ್ತಾರೆ. ಕೂಸಿಗೆ ಯಾವಾಗ ನೀರು, ಯಾರ ರೀತಿಯಲ್ಲಿ ಎಂದು. ನನಗೆ ಗೊತ್ತಿಲ್ಲ. ಆ ಮಾತು ಈಗ ಅದರ ಅಪ್ಪ ಅವ್ವನದು. ನನಗೆ ಇವತ್ತಿಗೂ ಹೆದರಿಕೆಯಾಗುತ್ತದೆ. ಆದಾಗ ತಾಂಡೂರಿಗೆ ಫೋನು ಮಾಡುತ್ತೇನೆ, ಅವಳಿಗೂ ಆಗಿರುತ್ತದೆ.

ಅವತ್ತು ಐಸಾಕ ನನ್ನನ್ನು ಮನೆಗೆ ಬಿಟ್ಟ. ಬೆಳಿಗ್ಗೆ ಸೋಪಿನ ನೀರಲ್ಲಿ ನೆನೆಹಾಕಿದ್ದ ಕರುಣಾಳ ಬಟ್ಟೆ ಬಕೆಟ್ಟಿನಲ್ಲಿ ಹಾಗೇ ಇತ್ತು. ಸೆರಗು ಸಿಕ್ಕಿಸಿಕೊಂಡು ಒಂದೊಂದಾಗಿ ತಿಕ್ಕಿ, ಹಿಂಡಿ, ಬಾಲ್ಕನಿಯ ಹಗ್ಗಕ್ಕೆ ಹಾಕಿದೆ.